ಪೂಜೆಗೆ ಕೂತ ವೀಲ್ ಸ್ಪ್ಯಾನರ್

ವಿಜಯದಶಮಿಯ ಬೆಳಿಗ್ಗೆ ನನ್ನ ಗಂಡ ದೇವಸ್ಥಾನದಿಂದ ಬನ್ನಿ ಸೊಪ್ಪು ಹಿಡಿದುಕೊಂಡು ಬಂದವರು, ಗೇಟಿನ ಮುಂದೆ ಕಾರು ನಿಲ್ಲುವ ಜಾಗ ಖಾಲಿ ಇರುವುದನ್ನು ನೋಡಿ, "ಗಾಡಿ ಎಲ್ಲಿ?" ಎಂದು ಕೇಳಿದರು. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಮಗಳು ಆಗಲೇ ಹೊರಟಳು, ಬಿಸಿಲೇರುವ ಮೊದಲು ಮದ್ದೂರು ಸೇರಿಕೊಳ್ಳಬೇಕಂತೆ, ಬೀಗದಕೈ ನಾನೇ ಕೊಟ್ಟೆ, ಎಂದೆ. ಅವರು ಬನ್ನಿ ಸೊಪ್ಪನ್ನು ಕಾಂಪೌಂಡಿನ ಮೇಲಿಟ್ಟು ಅಲ್ಲೇ ನಿಂತುಬಿಟ್ಟರು. ಈ ಮನುಷ್ಯನ ಮುಖದಲ್ಲಿ ನಾನು ಸಿಟ್ಟು ನೋಡಿದ್ದೇನೆ, ಹಟ ನೋಡಿದ್ದೇನೆ, ಹಟ ಸೋತಾಗಿನ ಸಣ್ಣ ಮುಖವನ್ನೂ ನೋಡಿದ್ದೇನೆ. ಆವತ್ತು ಕಂಡದ್ದು ಇದ್ಯಾವುದೂ ಅಲ್ಲ.

"ಮುಂದಿನ ಎಡಗಡೆ ಚಕ್ರ ಬಿಗಿ ಮಾಡಿಲ್ಲ ಕಣೇ," ಎಂದರು.

ಗಾಡಿಯಲ್ಲಿ ಮಗಳ ಜೊತೆ ಮೂರು ವರ್ಷದ ಮೊಮ್ಮಗಳಿದ್ದಳು. ನನ್ನ ಕೈಯಲ್ಲಿದ್ದ ಚೊಂಬನ್ನು ಎಲ್ಲಿಟ್ಟೆನೋ ನನಗೆ ನೆನಪಿಲ್ಲ.

ಕಾರಿನ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವ ಹುಚ್ಚು ಇವರಿಗೆ ಹೊಸದಲ್ಲ. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಡೀ ಸರ್ವೀಸು ಕಳೆದವರು. ನಿವೃತ್ತಿಯಾದ ಮೇಲೆ ಬಸವೇಶ್ವರನಗರದ ನಮ್ಮ ಮನೆಯ ಗೇಟಿನ ಮುಂದಿನ ಜಾಗವೇ ಅವರ ಟೂಲ್ ರೂಮು. ಮೊದಲು ವೈಪರ್ ಬದಲಾಯಿಸಿದರು. ಅದೇನು ದೊಡ್ಡ ಕೆಲಸ, ಎಂದು ನಾನೂ ಸುಮ್ಮನಿದ್ದೆ. ಆಮೇಲೆ ಏರ್ ಫಿಲ್ಟರ್, ಆಮೇಲೆ ಹೆಡ್‌ಲೈಟಿನ ಬಲ್ಬು, ಹಾರ್ನು, ಬ್ಯಾಟರಿ. ಬ್ಯಾಟರಿ ಬಿಚ್ಚಿದ ದಿನ ನಾನು ಮನೆಯೊಳಗಿನ ಮೇನ್ ಸ್ವಿಚ್ ಆಫ್ ಮಾಡಿ ಬಂದು ಕೂತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ಹೀಗೆ ಮಾಡಿದಳೆಂದು ಇವರು ಬೀದಿಯವರಿಗೆಲ್ಲ ಹೇಳಿಕೊಂಡು ನಕ್ಕರು. ನಗಲಿ. ಹೆದರಿಕೆಗೆ ಲೆಕ್ಕ ಗೊತ್ತಿರುವುದಿಲ್ಲ.

ಅವರು ಕೆಲಸ ಮಾಡುವಾಗ ನಾನು ಒಳಗಿರಲಾರೆ, ಹೊರಗೂ ನಿಲ್ಲಲಾರೆ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿರುತ್ತೇನೆ. ಕಾರಿನ ಕೆಳಗೆ ಅವರ ಎರಡು ಕಾಲು ಮಾತ್ರ ಕಾಣುತ್ತಿದ್ದರೆ ನನ್ನ ಒಲೆಯ ಮೇಲಿನ ಹಾಲು ಖಂಡಿತ ಉಕ್ಕುತ್ತದೆ. ಜಾಕ್ ಜಾರಿದರೆ, ಎಂಬ ಒಂದು ಮಾತು ತಲೆಯಲ್ಲಿ ಸುತ್ತುತ್ತಿರುತ್ತದೆ. "ರೀ, ಗ್ಯಾರೇಜಿಗೆ ಕೊಡ್ರೀ," ಎಂದರೆ, "ನನ್ ಕೈಲಿ ಆಗೋ ಕೆಲ್ಸಕ್ಕೆ ಇನ್ನೊಬ್ಬರ ಕೈ ಯಾಕೆ?" ಎನ್ನುತ್ತಾರೆ. ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಬಿಚ್ಚಿದ ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೇ ಬಟ್ಟೆಯ ಮೇಲೆ ಜೋಡಿಸಿಡುತ್ತಾರೆ. ನಾನು ಹೆದರಿದ್ದು ಅವರ ಕೈಗೆ ಅಲ್ಲ, ಕೈಯ ಸುತ್ತ ಇರುವುದಕ್ಕೆ.

ಈ ಸಲ ಬ್ರೇಕ್ ಒತ್ತಿದಾಗ ಕಿರ್ ಎಂಬ ಸದ್ದು ಬರುತ್ತಿತ್ತು. ಪ್ಯಾಡ್ ಸವೆದಿದೆ, ಎಂದರು. ಹಬ್ಬಕ್ಕೆ ಮಗಳು ಮಗು ಕರೆದುಕೊಂಡು ಬರುವವಳಿದ್ದಳು. ಅವಳ ಗಂಡ ಮದ್ದೂರಿನ ತಮ್ಮ ಅಂಗಡಿಯ ಪೂಜೆಗೆಂದು ಮೊದಲೇ ಹೋಗಿದ್ದ. ಇವಳು ಆಯುಧ ಪೂಜೆ ನಮ್ಮಲ್ಲಿ ಮುಗಿಸಿ, ದಶಮಿಯ ದಿನ ನಮ್ಮ ಕಾರಿನಲ್ಲಿ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. "ಮಗು ಕೂರೋ ಗಾಡಿ. ಬ್ರೇಕು ಹೊಸಾದಿರ್ಲಿ," ಎಂದು ಇವರು ಪ್ಯಾಡು ತರಿಸಿದರು. ಮೊದಲು ಬಂದದ್ದು ಬೇರೆ ಗಾಡಿಯದು. ಅದನ್ನು ವಾಪಸು ಕಳಿಸಿ, ಸರಿಯಾದದ್ದು ಕೈಗೆ ಬರುವಷ್ಟರಲ್ಲಿ ಆಯುಧ ಪೂಜೆಯ ದಿನವೇ ಬೆಳಗಾಗಿತ್ತು.

ಇಲ್ಲಿ ನಮ್ಮತ್ತೆಯ ವಿಷಯ ಹೇಳಬೇಕು. ಅವರು ಮಲ್ಲತ್ತಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು, ಕೆರೆಯ ಕೆಳಗೆ ಗದ್ದೆಗಳಿದ್ದ ಕಾಲದವರು. ವಯಸ್ಸು ಎಂಬತ್ತು ದಾಟಿದೆ, ಗಂಟಲು ದಾಟಿಲ್ಲ. ಅವರ ತವರಿನಲ್ಲಿ ನೇಗಿಲು, ಕುಡುಗೋಲು, ಗುದ್ದಲಿ ಎಲ್ಲ ತೊಳೆದು ಪೂಜೆಗೆ ಇಟ್ಟರೆ ಮರುದಿನ ಕದಲಿಸುವವರೆಗೆ ಯಾರೂ ಮುಟ್ಟುವಂತಿರಲಿಲ್ಲವಂತೆ. ಈಗ ನೇಗಿಲಿಲ್ಲ. ಆದರೆ ನಿಯಮ ಹಾಗೇ ಇದೆ. ಮನೆಯಲ್ಲಿ ಕಬ್ಬಿಣ ಎನ್ನುವುದೆಲ್ಲ ಅವತ್ತು ದೇವರ ಮನೆಗೆ ಹೋಗಬೇಕು: ಕತ್ತರಿ, ಈಳಿಗೆಮಣೆ, ನನ್ನ ಚಾಕುಗಳು, ಇವರ ಸ್ಪ್ಯಾನರು, ಸ್ಕ್ರೂಡ್ರೈವರು. ಹಬ್ಬದ ಅಡುಗೆಯ ತರಕಾರಿಯನ್ನು ನಾನು ಬೆಳಗಾಗುವ ಮೊದಲೇ ಹೆಚ್ಚಿಟ್ಟುಕೊಳ್ಳುತ್ತೇನೆ. ಮರೆತ ಒಂದು ವರ್ಷ ಹುರುಳಿಕಾಯಿಯನ್ನು ಕೈಯಲ್ಲೇ ಮುರಿದು ಪಲ್ಯ ಮಾಡಿದ್ದೇನೆ.

ಆವತ್ತು ಇವರು ತಿಂಡಿಯನ್ನೂ ತಿನ್ನದೆ ಕೆಲಸಕ್ಕೆ ಕೂತರು. ಬಲಗಡೆಯ ಚಕ್ರ ಬಿಚ್ಚಿ, ಹಳೇ ಪ್ಯಾಡು ತೆಗೆದು, ಹೊಸದು ಕೂರಿಸಿ, ಚಕ್ರ ಹಾಕಿ ಮುಗಿಸಿದರು. ಎಡಗಡೆಯದಕ್ಕೂ ಪ್ಯಾಡು ಹಾಕಿ ಚಕ್ರ ಏರಿಸಿದ್ದರು. ಅಷ್ಟರಲ್ಲಿ ಅತ್ತೆ ಬಕೆಟ್ಟು ಹಿಡಿದು ಗೇಟಿಗೆ ಬಂದರು. "ರಾಹುಕಾಲ ಬಂತು ಕಣೋ. ಇನ್ನೂ ಸಾಮಾನು ತೊಳ್ದಿಲ್ಲ. ತಾ ಇಲ್ಲಿ," ಎಂದರು. "ಅಮ್ಮಾ, ಒಂದ್ನಿಮಿಷ," ಎಂದರು ಇವರು. ಅವರ ಒಂದು ನಿಮಿಷ ಎಂದರೆ ಏನೆಂದು ಹೆತ್ತವಳಿಗೆ ಗೊತ್ತಿಲ್ಲವೇ. "ಬೆಳಿಗ್ಗೆಯಿಂದ ಅದೇ ಹೇಳ್ತಿದೀಯ. ನಾನು ಇನ್ನೆಷ್ಟು ಪೂಜೆ ನೋಡ್ತೀನೋ ಏನೋ, ಅದನ್ನೂ ಹೊತ್ತು ಮೀರಿ ಮಾಡ್ಸು," ಎಂದರು ಅತ್ತೆ. ಈ ಮಾತು ಬಂದ ಮೇಲೆ ನಮ್ಮ ಮನೆಯಲ್ಲಿ ಯಾವ ವಾದವೂ ಮುಂದೆ ಹೋಗುವುದಿಲ್ಲ. ಇವರು ಜಾಕ್ ಇಳಿಸಿ, ಜಾಕು, ಸ್ಪ್ಯಾನರು ಎಲ್ಲವನ್ನೂ ಬಕೆಟ್ಟಿಗೆ ಹಾಕಿದರು.

ಚಕ್ರ ಗಾಳಿಯಲ್ಲಿರುವಾಗ ಅದರ ನಟ್ಟುಗಳನ್ನು ಒಂದು ಮಟ್ಟಕ್ಕೆ ಮಾತ್ರ ಬಿಗಿ ಮಾಡಬಹುದಂತೆ. ಹೆಚ್ಚು ಬಲ ಹಾಕಿದರೆ ಚಕ್ರವೇ ತಿರುಗಿಬಿಡುತ್ತದೆ. ಗಾಡಿ ಇಳಿಸಿ, ಚಕ್ರ ನೆಲಕ್ಕೆ ಊರಿದ ಮೇಲೆ, ಮೈಭಾರವೆಲ್ಲ ಸ್ಪ್ಯಾನರಿನ ಮೇಲೆ ಹಾಕಿ ಕೊನೆಯ ಬಿಗಿ ಕೊಡಬೇಕು. ಆ ಕೊನೆಯ ಬಿಗಿ ಕೊಡುವುದಕ್ಕೆ ಮೊದಲೇ ವೀಲ್ ಸ್ಪ್ಯಾನರು ವಿಭೂತಿ ಬಳಿಸಿಕೊಂಡು, ಕುಂಕುಮ ಇಡಿಸಿಕೊಂಡು, ಸೇವಂತಿಗೆಯ ಕೆಳಗೆ ಮಲಗಿತ್ತು. ಬೇರೆಯವರ ಹತ್ತಿರ ಕೇಳಿ ತರೋಣವೆಂದರೆ ಬೀದಿಯ ಎಲ್ಲ ಸ್ಪ್ಯಾನರುಗಳೂ ಅವತ್ತು ದೇವರೇ. ನಾಳೆ ಬೆಳಿಗ್ಗೆ ಕದಲಿಸಿದ ಕೂಡಲೇ ಬಿಗಿ ಮಾಡಿದರಾಯಿತು, ಮಗಳು ಹೊರಡುವುದು ತಿಂಡಿಯಾದ ಮೇಲಲ್ಲವೇ, ಎಂದು ಇವರು ಮನಸ್ಸಿನಲ್ಲೇ ಅಂದುಕೊಂಡರಂತೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬಾಯಿ ಬಿಟ್ಟು ಹೇಳುವ ಅಭ್ಯಾಸ ಈ ಮನುಷ್ಯನಿಗೆ ಎಂದೂ ಇಲ್ಲ. ಸಂಜೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಗಾಡಿಯನ್ನು ಬೀದಿಯ ತುದಿಯವರೆಗೆ ಮಾತ್ರ ಆಮೆಯ ಹಾಗೆ ಓಡಿಸಿ ತಂದು ನಿಲ್ಲಿಸಿದರು. ಯಾಕೆ ಅಷ್ಟು ನಿಧಾನ ಎಂದು ನಾನು ಕೇಳಲಿಲ್ಲ, ಕಡ್ಲೆಪುರಿ ಹಂಚುವ ಗಡಿಬಿಡಿ.

ಮರುದಿನ ಬೆಳಗಾಗುತ್ತಲೇ ಬೀಗರ ಮನೆಯಿಂದ ಫೋನು. ಊಟಕ್ಕೆ ಜನ ಬೇಗ ಬರುತ್ತಾರೆ, ಬೇಗ ಬಾ, ಅಂತ. ಮಗಳು ನಿದ್ದೆಗಣ್ಣಿನ ಮಗುವನ್ನು ಹಿಂದಿನ ಸೀಟಿಗೆ ಕಟ್ಟಿ ಹೊರಟೇಬಿಟ್ಟಳು. ಇವರು ಆಗ ದೇವಸ್ಥಾನದಲ್ಲಿ ಬನ್ನಿಗೆ ಸಾಲು ನಿಂತಿದ್ದರು.

ಇವರು ಕಾಂಪೌಂಡಿನ ಹತ್ತಿರ ಇನ್ನೂ ನಿಂತೇ ಇದ್ದರು. "ಫೋನ್ ಮಾಡ್ರೀ," ಎಂದೆ. ಮಾಡಿದರು. ರಿಂಗು ಹೋಗುತ್ತಲೇ ಇತ್ತು, ಎತ್ತಲಿಲ್ಲ. ನಾನು ಮಾಡಿದೆ. ಎತ್ತಲಿಲ್ಲ. ಎತ್ತುವುದಾದರೂ ಹೇಗೆ. ಸ್ಟಿಯರಿಂಗ್ ಹಿಡಿದಾಗ ಫೋನು ಬ್ಯಾಗಿನೊಳಗಿರಬೇಕು, ಸದ್ದು ಬರಬಾರದು, ಎಂದು ಅವಳಿಗೆ ಗಾಡಿ ಕಲಿಸುವಾಗ ಇವರೇ ಆಣೆ ಹಾಕಿಸಿದ್ದರು. ಒಂದು ಸಲ ಅವಳು ಸಿಗ್ನಲ್ಲಿನಲ್ಲಿ ಫೋನು ನೋಡಿದಳೆಂದು ಮೂರು ದಿನ ಮಾತು ಬಿಟ್ಟಿದ್ದರು. ಮಗಳು ಎಲ್ಲ ವಿಷಯದಲ್ಲೂ ನಮ್ಮ ಮಾತು ಮೀರಿದವಳು, ಇದೊಂದರಲ್ಲಿ ಮೀರಲಿಲ್ಲ. ಇದೊಂದನ್ನೂ ಮೀರಬಾರದಿತ್ತೇ.

ನನಗೆ ಆಗ ನೆನಪಾದದ್ದು ನಾದಿನಿ. ಇವರ ತಂಗಿ, ಕೆಂಗೇರಿ ಉಪನಗರದಲ್ಲಿದ್ದಾಳೆ. ದಾರಿಯಲ್ಲಿ ಅವಳಿಗೆ ಹಬ್ಬದ ಒಬ್ಬಟ್ಟು ಕೊಟ್ಟು ಹೋಗು ಎಂದು ಡಬ್ಬ ಕಟ್ಟಿಕೊಟ್ಟಿದ್ದೆ. ಅವಳಿಗೆ ಫೋನು ಮಾಡಿದೆ. "ಇನ್ನೂ ಬಂದಿಲ್ಲ ಅತ್ತಿಗೆ, ಯಾಕೆ ಏನಾಯ್ತು?" ಎಂದಳು. ಆಗಿನ್ನೂ ಬಂದಿಲ್ಲ. ಆಯುಧ ಪೂಜೆಯ ಮರುದಿನದ ಖಾಲಿ ರಸ್ತೆಯಲ್ಲಿ ಅಷ್ಟು ಹೊತ್ತಿಗೆ ತಲುಪಿರಬೇಕು. ಬಂದರೆ ಹಿಡಿದು ಕೂರಿಸ್ಕೋ, ಗಾಡಿ ಮುಂದಕ್ಕೆ ಬಿಡಬೇಡ, ಎಂದೆ.

ಇವರು ದೇವರ ಮನೆಗೆ ನುಗ್ಗಿದರು. ಅತ್ತೆ ಅಲ್ಲೇ ಹೂವು ಸರಿಪಡಿಸುತ್ತಾ ಕೂತಿದ್ದವರು, "ಲೋ, ಇನ್ನೂ ಕದಲಿಸಿಲ್ಲ. ಆರತಿ ಎತ್ತಿ ಕದಲಿಸ್ತೀನಿ, ಆಮೇಲೆ ಮುಟ್ಟು," ಎಂದರು. ಇವರು ಬಾಗಿಲಲ್ಲೇ ನಿಂತರು. ಅಷ್ಟು ವಯಸ್ಸಾದ ಗಂಡಸು, ಆ ಹೊಸ್ತಿಲು ದಾಟಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. "ಅತ್ತೆ, ನಿನ್ನೆ ನೀವು ಇದನ್ನ ಎತ್ಕೊಂಡು ಹೋದ್ರಲ್ಲ, ಚಕ್ರದ ನಟ್ಟು ಪೂರ್ತಿ ಬಿಗಿ ಆಗಿರ್ಲಿಲ್ಲ. ಅದೇ ಗಾಡೀಲಿ ನಿಮ್ಮ ಮರಿಮಗು ಹೋಗ್ತಾ ಇದೆ," ಎಂದುಬಿಟ್ಟೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅತ್ತೆ ಒಂದು ಕ್ಷಣ ಮಗನ ಮುಖ ನೋಡಿದರು. ಆಮೇಲೆ ತಾವೇ ಹೂವು ಸರಿಸಿ, ಸ್ಪ್ಯಾನರನ್ನು ಎತ್ತಿ ಅವರ ಕೈಗೆ ಕೊಟ್ಟರು. "ನಾನೇ ತೆಗೆದಿದೀನಿ. ದೋಷ ಇದ್ರೆ ನಂಗಿರ್ಲಿ, ಹೋಗು," ಎಂದರು.

ಸ್ಕೂಟರು ನನ್ನದು, ಓಡಿಸುವವಳೂ ನಾನೇ. ಇವರಿಗೆ ಕಾರು ಬರುತ್ತದೆ, ಸ್ಕೂಟರಿನ ಮೇಲೆ ಕೂತರೆ ಮಗುವಿನ ಹಾಗೆ ನನ್ನ ಹೆಗಲು ಹಿಡಿಯುತ್ತಾರೆ. ಆವತ್ತು ಒಂದು ಕೈಯಲ್ಲಿ ಹೆಗಲು, ಒಂದು ಕೈಯಲ್ಲಿ ಸ್ಪ್ಯಾನರು. ಬೀದಿ ದಾಟುವಷ್ಟರಲ್ಲಿ ಮೊದಲ ಸಂಕಟ ಎದುರಾಯಿತು. ಅವಳು ಯಾವ ದಾರಿ ಹಿಡಿದಿರುತ್ತಾಳೆ? ವಿಜಯನಗರದ ಮೇಲೆ ಮೈಸೂರು ರಸ್ತೆಗೆ ಇಳಿಯಬಹುದು, ಇಲ್ಲವೇ ನಾಗರಬಾವಿಯ ಕಡೆಯಿಂದ ರಿಂಗ್ ರೋಡು. "ವಿಜಯನಗರ," ಎಂದರು. "ರಿಂಗ್ ರೋಡಲ್ಲಿ ಹೋಗಿದ್ರೆ?" ಎಂದೆ. "ಎರಡೂ ನಾಯಂಡಹಳ್ಳಿಗೇ ಬರುತ್ತೆ ಕಣೇ, ನಡಿ," ಎಂದರು. ನಾಯಂಡಹಳ್ಳಿಗೆ ಮೊದಲೇ ಏನಾದರೂ ಆಗಿದ್ದರೆ ನಾವು ತಪ್ಪು ರಸ್ತೆಯಲ್ಲಿರುತ್ತೇವೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳ, ಕುಂಕುಮ ಕಲಸಿದ ತಿರುಳು, ಚಪ್ಪಟೆಯಾದ ನಿಂಬೆಹಣ್ಣು, ಮುರಿದ ಬಾಳೆಕಂದು. ಅದರ ಮೇಲೆ ಸ್ಕೂಟರು ಜಾರದಂತೆ ನೋಡಬೇಕು, ಎಡಬದಿಯಲ್ಲಿ ಬಿಳಿ ಕಾರು ನಿಂತಿದೆಯೇ ನೋಡಬೇಕು. ಈ ಊರಿನಲ್ಲಿ ಇಷ್ಟೊಂದು ಬಿಳಿ ಕಾರುಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಎಲ್ಲಕ್ಕೂ ಹಾರ, ಎಲ್ಲದರ ಮೂತಿಗೂ ವಿಭೂತಿ ಪಟ್ಟೆ. ಒಂದೊಂದನ್ನು ಕಂಡಾಗಲೂ ನಂಬರು ನೋಡುತ್ತಿದ್ದೆ.

"ರೀ, ಸಡಿಲ ಇದ್ರೆ ಚಕ್ರ ಬಿದ್ದೇ ಹೋಗುತ್ತಾ?" ಎಂದು ಕೇಳಿದೆ. "ತಕ್ಷಣ ಇಲ್ಲ. ಮೊದ್ಲು ನಟ್ಟು ಬಿಟ್ಕೊಳ್ತಾ ಬರುತ್ತೆ. ಸದ್ದು ಬರುತ್ತೆ, ಸ್ಟಿಯರಿಂಗ್ ನಡುಗುತ್ತೆ. ಅವಳಿಗೆ ಗೊತ್ತಾಗುತ್ತೆ," ಎಂದರು. "ಗೊತ್ತಾಗದಿದ್ರೆ?" ಎಂದೆ. ಹೆಗಲ ಮೇಲಿನ ಕೈ ಬಿಗಿಯಾಯಿತು. ಮತ್ತೆ ಅವರೇ, "ಅಮ್ಮ ಬರೋಕೆ ಮುಂಚೆ ಇನ್ನೊಂದು ಸುತ್ತು ತಿರುಗ್ಸಿದ್ನೇನೋ. ಜಾಸ್ತಿನೇ ತಿರುಗ್ಸಿದೀನಿ ಅನ್ಸುತ್ತೆ," ಎಂದರು. ಅನ್ಸುತ್ತೆ ಎಂಬ ಪದವನ್ನು ಅವರ ಬಾಯಲ್ಲಿ, ಕೆಲಸದ ವಿಷಯದಲ್ಲಿ, ನಾನು ಹಿಂದೆ ಕೇಳಿರಲಿಲ್ಲ.

ಬಾಪೂಜಿ ನಗರದ ಹತ್ತಿರ ಮೈಸೂರು ರಸ್ತೆಗೆ ಇಳಿಯುವಾಗ ರಸ್ತೆಬದಿಯಲ್ಲಿ ಗುಂಪು. ಜನ ಬಗ್ಗಿ ಏನನ್ನೋ ನೋಡುತ್ತಿದ್ದರು. ಸ್ಕೂಟರು ನಿಲ್ಲಿಸಿದೆನೋ ಅದೇ ನಿಂತಿತೋ ತಿಳಿಯದು. ಇವರು ಇಳಿದು ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನೋಡುವುದೇ ಒಂದು ಹಿಂಸೆ. ಗುಂಪಿನ ನಡುವೆ ಒಬ್ಬ ಹುಡುಗ ಕುಂಬಳಕಾಯಿ ತಿರುಳಿನ ಮೇಲೆ ಬೈಕು ಜಾರಿ ಬಿದ್ದು, ಮೊಣಕೈ ತರಚಿಸಿಕೊಂಡು ಕೂತಿದ್ದ. ಅಯ್ಯೋ ಪಾಪ ಎನ್ನಬೇಕಾದ ಜಾಗದಲ್ಲಿ ಸದ್ಯ ಎಂದಿತು ನನ್ನ ಮನಸ್ಸು. ಬೇರೆಯವರ ಮಗ ಬಿದ್ದಿದ್ದಕ್ಕೆ ಸದ್ಯ ಎಂದುಕೊಂಡವಳು ನಾನು. ಅಂಥ ಹೊತ್ತಿನಲ್ಲಿ ತಾಯಿಯಾದವಳಿಗೆ ಮರ್ಯಾದೆ ಉಳಿಯುವುದಿಲ್ಲ.

ನಾಯಂಡಹಳ್ಳಿ ದಾಟಿತು. ಏನೂ ಕಾಣಲಿಲ್ಲ. ರಾಜರಾಜೇಶ್ವರಿ ನಗರದ ಆರ್ಚು ದಾಟಿತು. ಕೆಂಗೇರಿ ಬರುವ ಹೊತ್ತಿಗೆ ನಾನು ಹರಕೆ ಹೊರದ ದೇವರಿರಲಿಲ್ಲ. ಇವರು ಹಿಂದಿನಿಂದ, "ಮೆಲ್ಲಗೆ," ಎಂದರು, ಮರುಕ್ಷಣವೇ, "ಬೇಗ ನಡಿ," ಎಂದರು.

ಉಪನಗರದಲ್ಲಿ ನಾದಿನಿಯ ಬೀದಿಗೆ ತಿರುಗಿದಾಗ ನಮ್ಮ ಕಾರು ಅವಳ ಗೇಟಿನ ಮುಂದೆ ನಿಂತಿತ್ತು. ಬಾಳೆಕಂದು ಒಣಗಿ ಜೋತುಬಿದ್ದಿತ್ತು. ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಒಬ್ಬಟ್ಟು ತಿನ್ನುತ್ತಿದ್ದಳು. ಹೋದ ಜೀವ ಬಂತು ಎನ್ನುತ್ತಾರಲ್ಲ, ಬಂದದ್ದು ಹೌದು, ಆದರೆ ಅದು ಬಂದ ರಭಸಕ್ಕೆ ನನಗೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕಲೂ ಆಗಲಿಲ್ಲ. ಗೋಡೆಗೆ ಒರಗಿಸಿ ಮಗುವನ್ನು ಎತ್ತಿಕೊಂಡು ಅತ್ತುಬಿಟ್ಟೆ. ಅವಳು ನನ್ನ ಸೀರೆಗೆ ಕೈ ಒರೆಸಿದಳು.

ಮಗಳು ಹೊರಗೆ ಬಂದಳು. ನಮ್ಮಿಬ್ಬರನ್ನೂ, ಅಪ್ಪನ ಕೈಯ ಸ್ಪ್ಯಾನರನ್ನೂ ನೋಡಿದಳು. "ಏನಪ್ಪಾ ಇದು, ಇಲ್ಲೀವರೆಗೂ ಸ್ಕೂಟರಲ್ಲಿ ಬಂದ್ರಾ? ನೀವು ಫೋನ್ ಮಾಡಿದ್ದು ಅತ್ತೆ ಹೇಳಿದ್ರು, ವಾಪಸ್ ಮಾಡಿದ್ರೆ ಇಬ್ಬರೂ ಎತ್ತಲಿಲ್ಲ. ಗಾಡಿಗೆ ಏನೂ ಆಗಿಲ್ಲ, ಚೆನ್ನಾಗೇ ಇದೆ. ನೀವೇ ಬಿಗಿ ಮಾಡಿ ಮರ್ತಿದೀರ ಅಷ್ಟೆ," ಎಂದು ನಕ್ಕಳು. ಮಗಳ ನಗು ನನಗೆ ಗೊತ್ತು. ಅದು ನಗುವಲ್ಲ ಎಂದು ತಕ್ಷಣ ತಿಳಿಯಿತು.

ಇವರು ಎಡಗಡೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕುಂಕುಮ ಹತ್ತಿದ ಸ್ಪ್ಯಾನರನ್ನು ಒಂದು ನಟ್ಟಿಗೆ ಕೊಟ್ಟು ಬಿಚ್ಚುವ ಕಡೆಗೆ ಒತ್ತಿದರು. ಅಲ್ಲಾಡಲಿಲ್ಲ. ಎದ್ದು ಕಾಲಿನಲ್ಲಿ ತುಳಿದರು. ಆಗಲೂ ಅಲ್ಲಾಡಲಿಲ್ಲ. ಇನ್ನೊಂದಕ್ಕೆ ಕೊಟ್ಟು ನೋಡಿದರು, ಅದೂ ಹಾಗೆಯೇ. ನನಗೆ ಸಮಾಧಾನವಾಗಬೇಕಿತ್ತು. ಅವರ ಬೆನ್ನು ನೋಡಿದರೆ ಆಗಲಿಲ್ಲ.

"ಇದು ನಾನು ಮಾಡಿದ್ದಲ್ಲ," ಎಂದರು. "ಕೈಯಲ್ಲಿ ಮಾಡಿದ್ದೇ ಅಲ್ಲ. ಅಂಗಡಿಯವರ ಗಾಳಿ ಗನ್ನಲ್ಲಿ ಬಿಗಿ ಮಾಡಿರೋದು. ಎಲ್ಲಿ ಮಾಡಿಸ್ದೆ?"

"ಅಪ್ಪಾ, ಬಿಡಿ."

"ಎಲ್ಲಿ ಅಂತ ಕೇಳ್ದೆ."

ಮಗಳು ನನ್ನ ಕಡೆ ನೋಡಿದಳು. ಆಗ ಹೇಳಿದಳು. ರಿಂಗ್ ರೋಡಿನಲ್ಲಿ ಹೋಗುವಾಗಲೇ ಟಕ್ ಟಕ್ ಎಂದು ಸದ್ದು ಶುರುವಾಯಿತಂತೆ. ಬಾಳೆಕಂದು ಬಡಿಯುತ್ತಿದೆ ಎಂದುಕೊಂಡಳಂತೆ. ನಾಯಂಡಹಳ್ಳಿ ಹತ್ತಿರ ಬರುವಾಗ ಸ್ಟಿಯರಿಂಗ್ ಕೈಯಲ್ಲಿ ಕುಣಿಯಲು ಶುರುವಾಯಿತು. ಪಕ್ಕಕ್ಕೆ ತೆಗೆದು ನಿಲ್ಲಿಸಿ ಡಿಕ್ಕಿ ತೆರೆದರೆ ಜಾಕೂ ಇಲ್ಲ, ಸ್ಪ್ಯಾನರೂ ಇಲ್ಲ. ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಯಾವುದೋ ಲಾರಿಯವನಿಗಾಗಿ ಬೇಗ ಬಾಗಿಲು ತೆಗೆದಿದ್ದ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಅಂಗಡಿಯವನು ಬಂದು ಕೈ ಹಾಕಿದರೆ ನಟ್ಟುಗಳು ಬೆರಳಲ್ಲೇ ತಿರುಗಿದವಂತೆ.

"ಬೆರಳಲ್ಲೇ," ಎಂದರು ಇವರು.

"ಒಂದು ಬೀಳೋದ್ರಲ್ಲಿತ್ತು ಅಪ್ಪಾ."

ಬೀದಿಯಲ್ಲಿ ಯಾರ ಮನೆಯಲ್ಲೋ ಗಂಟೆ ಬಾರಿಸಿ ಆರತಿ ಮಾಡುತ್ತಿದ್ದರು. ನಾನು ಮಗುವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅವಳು ಕೊಸರಾಡಿದಳು, ನಾನು ಬಿಡಲಿಲ್ಲ.

"ಅಂಗಡಿಯವನು ಏನಂದ?" ಎಂದು ಇವರು ಕೇಳಿದರು.

"ಏನಿಲ್ಲ, ಬಿಗಿ ಮಾಡಿ ಕಳಿಸ್ದ."

"ಏನೂ ಅನ್ನದೆ ಇರ್ತಾನಾ? ನಾನಾಗಿದ್ರೆ ಉಗೀತಿದ್ದೆ. ಏನಂದ ಹೇಳು."

ಮಗಳು ನೆಲ ನೋಡುತ್ತಾ ಹೇಳಿದಳು. "ಚಕ್ರ ಹಾಕಿದ್ಯಾರು ಅಂತ ಕೇಳ್ದ. ನಾನೇ ಅಂದೆ. ಬರದೇ ಇರೋ ಕೆಲ್ಸಕ್ಕೆ ಯಾಕಮ್ಮ ಕೈ ಹಾಕ್ತೀರ, ಹಿಂದೆ ಮಗು ಬೇರೆ ಕೂರಿಸ್ಕೊಂಡಿದೀರ, ನಿಮ್ಮ ಹೊಟ್ಟೇಲಿ ಹುಟ್ಟಿದ್ದೇನಾ ಇದು ಅಂದ. ಅಲ್ಲಿದ್ದ ಲಾರಿಯವರೂ ನೋಡ್ತಾ ಇದ್ರು."

"ನೀನ್ಯಾಕೆ ನಾನೇ ಅಂದೆ?"

"ಮತ್ತೇನನ್ಲಿ? ನಮ್ಮಪ್ಪ ಅನ್ಲಾ?"

ಇವರು ಕೂತಲ್ಲೇ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಮದುವೆಯಾದಂದಿನಿಂದ ಈ ಮನುಷ್ಯ ನನ್ನೆದುರು ಅತ್ತದ್ದಿಲ್ಲ, ಆವತ್ತೂ ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಉಳಿದ ಮೂರು ಚಕ್ರಗಳ ನಟ್ಟನ್ನೂ ಒಂದೊಂದಾಗಿ ನೋಡಿ, ಸ್ಪ್ಯಾನರನ್ನು ಡಿಕ್ಕಿಯಲ್ಲಿಟ್ಟು, ಮಗಳಿಗೆ ಹೊರಡು ಎಂದರು. ಮಗುವನ್ನು ಸೀಟಿಗೆ ನಾನೇ ಕಟ್ಟಿದೆ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಎಡಗಡೆಯ ಚಕ್ರವನ್ನೇ ನೋಡುತ್ತಾ ನಿಂತಿದ್ದೆವು.

ವಾಪಸು ಬರುವಾಗ ನಾಯಂಡಹಳ್ಳಿಯಲ್ಲಿ ಇವರು ನನ್ನ ಹೆಗಲು ತಟ್ಟಿ ನಿಲ್ಲಿಸು ಎಂದರು. ಪಂಕ್ಚರ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ಬಾಗಿಲು ತೆಗೆದಿದ್ದದ್ದು ಅದೊಂದೇ. ನಡುವಯಸ್ಸಿನವನೊಬ್ಬ ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುತ್ತಿದ್ದ. ಇವರು ಹೋಗಿ ಅವನ ಮುಂದೆ ನಿಂತು, "ಬೆಳಿಗ್ಗೆ ಒಂದು ಬಿಳಿ ಕಾರು ಬಂದಿತ್ತಲ್ಲ, ಎಡಗಡೆ ಚಕ್ರ ಸಡಿಲ ಆಗಿದ್ದು. ಅದನ್ನ ಹಾಕಿದ್ದು ನಾನು. ನನ್ನ ಮಗಳು ನನಗೋಸ್ಕರ ಸುಳ್ಳು ಹೇಳಿದ್ಲು. ನೀವು ಬೈದಿದ್ದು ನನಗೆ ಸೇರ್ಬೇಕಾದ್ದು," ಎಂದರು.

ಅವನು ತಲೆಯೆತ್ತಿ ನೋಡಿದ. ಇವರ ನೆರೆತ ತಲೆ, ಬನ್ನಿ ತರಲು ಉಟ್ಟಿದ್ದ ಪಂಚೆ, ಹಿಂದೆ ಸ್ಕೂಟರು ಹಿಡಿದು ನಿಂತ ನಾನು. ಬೈಯಲೆಂದು ಬಾಯಿ ತೆಗೆದಂತೆ ಕಂಡ. ಆಮೇಲೆ ಕೈ ಒರೆಸಿಕೊಂಡು, ಸ್ಟೂಲು ಎಳೆದು ಮುಂದಿಟ್ಟ. "ಕೂತ್ಕೊಳ್ಳಿ ಸಾರ್. ಹೋಗ್ಲಿ ಬಿಡಿ. ವಯಸ್ಸಾದ್ಮೇಲೆ ಮರೆವು ಬರುತ್ತೆ. ಇನ್ಮೇಲೆ ಈ ಕೆಲ್ಸ ಎಲ್ಲ ನೀವು ಮಾಡ್ಬೇಡಿ," ಎಂದ.

ನನಗೆ ತಡೆಯಲಾಗಲಿಲ್ಲ. ಮರೆವಲ್ಲಪ್ಪ, ಇವರಿಗೆ ಎಲ್ಲ ನೆನಪಿತ್ತು, ಇವರ ತಾಯಿ ಪೂಜೆಗೆ ಸಾಮಾನು ಎತ್ತಿಕೊಂಡು ಹೋದರು, ಎನ್ನಲು ಮುಂದೆ ಬಂದೆ. ಇವರು ಹಿಂತಿರುಗಿ ನೋಡಿದ ನೋಟಕ್ಕೆ ಸುಮ್ಮನಾದೆ. "ಹೂಂನಪ್ಪ. ವಯಸ್ಸಾಯ್ತು," ಎಂದರು ಅವನಿಗೆ. ಸ್ಟೂಲಿನ ಮೇಲೆ ಕೂರಲಿಲ್ಲ.

ಮನೆಯವರೆಗೂ ನನಗೆ ಸಿಟ್ಟು. ಅತ್ತೆಯ ಮೇಲೆ, ಇವರ ಮೇಲೆ, ಮಗಳ ಮೇಲೆ, ಬೀಗದಕೈ ಕೊಟ್ಟ ನನ್ನ ಮೇಲೂ. ಗೇಟಿನಲ್ಲಿ ಅತ್ತೆ ನಿಂತಿದ್ದರು. ಆರತಿ ಎತ್ತಿರಲಿಲ್ಲ, ಏನನ್ನೂ ತಿಂದಿರಲಿಲ್ಲ, ಗೇಟಿನ ಸರಳು ಹಿಡಿದುಕೊಂಡು ಅಷ್ಟು ಹೊತ್ತೂ ನಿಂತೇ ಇದ್ದರಂತೆ. ಸ್ಕೂಟರು ನಿಲ್ಲುತ್ತಲೇ, "ಮಗು?" ಎಂದರು.

"ಚೆನ್ನಾಗಿದಾಳಮ್ಮ. ಮದ್ದೂರಿಗೆ ಹೋದ್ರು."

"ಚಕ್ರ?"

ಇವರು ಹೆಲ್ಮೆಟ್ಟು ತೆಗೆಯುತ್ತಾ ಹೇಳಿದರು. "ಬಿಗಿಯಾಗೇ ಇತ್ತಮ್ಮ. ನೀನು ಸ್ಪ್ಯಾನರ್ ತಗೊಂಡು ಹೋಗೋಕೆ ಮುಂಚೆನೇ ನಾನು ಬಿಗಿ ಮಾಡಿದ್ದೆ. ಮರ್ತುಬಿಟ್ಟಿದ್ದೆ. ವಯಸ್ಸಾಯ್ತಲ್ಲ."

ಅತ್ತೆ ಮಗನ ಮುಖವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಗೇಟಿನ ಸರಳು ಬಿಟ್ಟು, ಅವರ ತೋಳು ಹಿಡಿದುಕೊಂಡು, "ನಿಂಗೇನೋ ವಯಸ್ಸಾಗಿರೋದು, ಒಳಗ್ ಬಾ," ಎಂದರು.